ಹಳದಿ ಪ್ಯಾಡೋ, ಕೇಸರಿ ಪ್ಯಾಡೋ?

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರು ತಾಲೂಕುಗಳಲ್ಲಿ ನಮ್ಮ ಅಣ್ಣಯ್ಯನಷ್ಟು ಸಲ ಮದುವೆ ದಿಬ್ಬಣ ಹೋದ ಗಂಡಸು ಇನ್ನೊಬ್ಬನಿರಲಾರ. ಬೇಕಾದರೆ ಪಂದ್ಯ ಕಟ್ಟುತ್ತೇನೆ. ಅದೂ ಎಲ್ಲೋ ಹಿಂದಿನ ವ್ಯಾನಿನಲ್ಲಿ ಬಾಳೆಗೊನೆ, ತರಕಾರಿ ಚೀಲದ ನಡುವೆ ತೂಗಾಡುತ್ತ ಹೋದದ್ದಲ್ಲ, ಮದುಮಗನ ಕಾರಿನಲ್ಲೇ, ಹೂವಿನ ಮಾಲೆಯ ಹಿಂದೆ ಕೂತು ಹೋದದ್ದು! ಕೊರತೆ ಒಂದೇ. ಇಲ್ಲಿಯ ತನಕ ಒಂದು ಸಲವೂ ಅವನು ಹಿಂದಿನ ಸೀಟಿನಲ್ಲಿ ಕೂತವನಲ್ಲ. ಕಾರು ಅವನದು, ಸ್ಟಿಯರಿಂಗ್ ಹಿಡಿದ ಕೈ ಅವನದು, ಮದುವೆ ಮಾತ್ರ ಬೇರೆಯವರದು.

ಅಣ್ಣಯ್ಯ ಎಂದರೆ ನನ್ನ ದೊಡ್ಡಪ್ಪನ ಮಗ. ಐವತ್ತು ದಾಟಿದವನು. ಸಿದ್ದಾಪುರ ಪೇಟೆಯಲ್ಲಿ ಒಂದು ಕನ್ನಡಕದ ಅಂಗಡಿ, ಅದರ ಹಿಂದೆ ಎರಡು ಕೋಣೆ, ಆ ಎರಡು ಕೋಣೆಗೆ ಅವನೊಬ್ಬನೇ. ನಾನು ಯಲ್ಲಾಪುರದಲ್ಲಿ ಹೈಸ್ಕೂಲು ಮಕ್ಕಳಿಗೆ ಗಣಿತ ಕಲಿಸುವವಳು. ಅಣ್ಣಯ್ಯ ಬಹಳ ಮಾತು ಬೇಕಾದ ಮನುಷ್ಯ. ಮನೆಯಲ್ಲಿ ಮಾತಾಡಲು ಇನ್ನೊಂದು ಜೀವವಿಲ್ಲ. ಇದು ಅವನ ಕಷ್ಟ. ನಮ್ಮ ಕಷ್ಟ ಏನೆಂದರೆ, ಅವನ ಹತ್ತಿರ ಫೋನ್ ಇದೆ!

ಮದುಮಗನ ಕಾರಿನ ಯೋಗ ಅವನಿಗೆ ಒದಗಿದ್ದು ಬಣ್ಣದಿಂದ. ನಮ್ಮ ಬಳಗದಲ್ಲಿ ಉಳಿದವರೆಲ್ಲ ಬಿಳಿ ಕಾರು ಕೊಂಡವರು. ಬಿಳಿಯಾದರೆ ಧೂಳು ಕಾಣುವುದಿಲ್ಲ, ಮಾರುವಾಗ ಗಿರಾಕಿ ಬೇಗ ಸಿಗುತ್ತದೆ ಎಂಬ ಲೆಕ್ಕಾಚಾರ. ಅಣ್ಣಯ್ಯ ಒಬ್ಬನೇ ಯಾರ ಮಾತೂ ಕೇಳದೆ ಕುಂಕುಮದ ಬಣ್ಣದ್ದು ತಂದ. ತಂದ ವರ್ಷವೇ ಯಾರೋ ಹಿರಿಯರು ಅದನ್ನು ನೋಡಿ, ಇಷ್ಟು ಮಂಗಳಕರ ಬಣ್ಣದ ಕಾರು ಮನೆಯಲ್ಲೇ ಇರುವಾಗ ಬಾಡಿಗೆಯದು ಏಕೆ ಎಂದರು. ಅಂದಿನಿಂದ ನಮ್ಮಲ್ಲಿ ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ ಅಣ್ಣಯ್ಯನ ಕಾರಿಗೆ ಹೇಳಿಕೆ ಹೋಗುತ್ತದೆ. ಕೆಲವು ಸಲ ಹುಡುಗಿ ನಿಶ್ಚಯವಾಗುವುದಕ್ಕೂ ಮೊದಲು!

ಹಾಗಾದರೆ ಅವನು ಹೆಣ್ಣು ನೋಡಲಿಲ್ಲವೇ ಎಂದು ಕೇಳುತ್ತೀರಿ. ನೋಡಿದ್ದಾನೆ. ಒಮ್ಮೆ ಬನವಾಸಿ ಕಡೆಯ ಒಂದು ಮನೆಗೆ ಹೋದಾಗ ನಾನೂ ಜೊತೆಗಿದ್ದೆ. ಹುಡುಗಿ ಅವಲಕ್ಕಿ ತಟ್ಟೆ ಹಿಡಿದು ಹೊರಗೆ ಬಂದರೆ ಗಂಡಿನ ಕುರ್ಚಿ ಖಾಲಿ. ಗಂಡು ಅಂಗಳದಲ್ಲಿ ಹುಡುಗಿಯ ಅಪ್ಪನ ಕಾರಿನ ಮುಂದೆ ಬಗ್ಗಿ ನಿಂತು, "ಒಣಬಟ್ಟೆಲಿ ಧೂಳು ಒರೆಸ್ತ್ರನ? ಈ ಗೀರೆಲ್ಲ ಅದ್ರದ್ದೇಯ" ಎಂದು ವಿಚಾರಣೆ ನಡೆಸುತ್ತಿದ್ದ. ಕನ್ನಡಕದ ಅಂಗಡಿಯವನ ಕಣ್ಣು, ಎಲ್ಲಿ ಹೋದರೂ ಗೀರೇ ಕಾಣುತ್ತದೆ. ಹುಡುಗಿಯ ಅಪ್ಪನಿಗೂ ಮಾತು ರುಚಿಸಿತು. ಇಬ್ಬರೂ ಬಾನೆಟ್ಟಿನ ಆ ಬದಿ ಈ ಬದಿ ನಿಂತು ಮಾತಾಡಿದ್ದೇ ಮಾತಾಡಿದ್ದು. ಒಳಗೆ ಅವಲಕ್ಕಿ ಮೆತ್ತಗಾಯಿತು, ಚಹಾ ಆರಿತು. ಕೊನೆಗೆ ಹುಡುಗಿಯ ಅಪ್ಪ ಒಪ್ಪಿದ, ಹುಡುಗಿ ಒಪ್ಪಲಿಲ್ಲ.

ಮರುವರ್ಷ ಆ ಹುಡುಗಿಯ ಮದುವೆಗೆ ಮದುಮಗನನ್ನು ಕರೆತಂದದ್ದು ಯಾರ ಕಾರು ಅಂದುಕೊಂಡಿರಿ? ಗಂಡಿನ ಕಡೆಯವರು ನಮಗೆ ಹೇಗೋ ಸಂಬಂಧ, ಕೇಳಿದರು, ಇವನು ಹೋದ. ಬೇಡ ಎನ್ನಬಹುದಿತ್ತಲ್ಲ ಎಂದು ನಾನು ಬೈದೆ. ಅದಕ್ಕೆ ಅವನು, "ಹೂವಿನ ಟೇಪು ತೆಗೆವಾಗ ಬಾಗಿಲ ಬದಿ ಬಣ್ಣ ರಾಶಿ ಹಾಳಾತು ಕೂಸೆ" ಎಂದ. ಅಷ್ಟೇ.

ಬಣ್ಣ ಹಾಳಾಗದೆ ಇನ್ನೇನು? ಒಂದೊಂದು ಮದುವೆಯೂ ಆ ಕಾರಿನ ಮೈಮೇಲೆ ಒಂದೊಂದು ಗುರುತು ಬಿಟ್ಟುಹೋಗಿದೆ. ಹೂಮಾಲೆ ನಿಲ್ಲಲೆಂದು ಸುತ್ತಿದ ತಂತಿಯದು, ವಧೂವರರ ಹೆಸರಿನ ಕಾಗದ ಅಂಟಿಸಿದ ಗೋಂದಿನದು, ಹಿಂದಿನ ಗಾಜಿನ ಕೆಳಗೆ ಅಡಿಕೆ ಸಿಂಗಾರದ ಕೊನೆ ಉಜ್ಜಿದ್ದು. ಇವೆಲ್ಲವನ್ನೂ ಅವನು ಸಹಿಸಿಕೊಂಡಿದ್ದ. ಸಹಿಸಲು ಆಗದೆ ಹೋದದ್ದು ನಮ್ಮ ಸೋದರತ್ತೆಯ ಪ್ರೀತಿಯನ್ನು.

ಅತ್ತೆಯ ಮನೆ ಶಿರಸಿಯ ಹತ್ತಿರ. ಅವಳ ಮಗನ ಮದುವೆಯ ಹಿಂದಿನ ದಿನವೇ ಅಣ್ಣಯ್ಯ ಕಾರು ಸಮೇತ ಅಲ್ಲಿಗೆ ಹೋಗಿ ಉಳಿದಿದ್ದ. ನಮ್ಮ ಕಡೆ ಮದುವೆ ಎಂದರೆ ಅಟ್ಟದ ಮೇಲಿನ ತಾಮ್ರ, ಹಿತ್ತಾಳೆಯೆಲ್ಲ ಕೆಳಗಿಳಿದು ಬಾವಿಕಟ್ಟೆಗೆ ಬರುತ್ತದೆ. ವಾಟೆಹುಳಿ ನೀರಿಗೆ ಉಪ್ಪು ಹಾಕಿ ತೆಂಗಿನ ನಾರಿನಲ್ಲಿ ತಿಕ್ಕಿದರೆ ಎಂಥ ಕಪ್ಪು ಹಂಡೆಯೂ ಮುಖ ಕಾಣುವ ಹಾಗಾಗುತ್ತದೆ. ಮದುವೆಯ ಬೆಳಿಗ್ಗೆ ಪಾತ್ರೆ ಮುಗಿದ ಮೇಲೂ ಹುಳಿನೀರು ಉಳಿಯಿತು, ನಾರೂ ಉಳಿಯಿತು, ಕೈಯಲ್ಲಿ ಹುರುಪೂ ಉಳಿಯಿತು. ಎದುರಿಗೆ ಧೂಳು ಹಿಡಿದ ಕಾರು ನಿಂತಿತ್ತು. ಅಣ್ಣಯ್ಯ ಸ್ನಾನ ಮುಗಿಸಿ ಹೊರಗೆ ಬರುವ ಹೊತ್ತಿಗೆ ಅತ್ತೆ ಮತ್ತು ಅವಳ ಇಬ್ಬರು ನಾದಿನಿಯರು ಸೀರೆ ಎತ್ತಿ ಕಟ್ಟಿ ಬಾನೆಟ್ಟು ಮುಗಿಸಿ ಬಾಗಿಲಿಗೆ ಬಂದಿದ್ದರು.

"ತಮಾ, ನೋಡು ಹ್ಯಾಂಗೆ ಆಜು. ಅಷ್ಟು ದೊಡ್ಡ ಹಂಡೆನೇ ಯಂಗ ತಿಕ್ಕಿದ್ಯ, ನಿನ್ನ ಕಾರು ಎಂತ ಮಹಾ" ಎಂದಳಂತೆ ಅತ್ತೆ.

ಪಾಪ, ಅವನು ಏನು ಹೇಳಿಯಾನು? "ಚೊಲೋ ಆತು ಅತ್ತೆ" ಎಂದನಂತೆ. ಮದುಮಗನನ್ನು ಕೂರಿಸಿಕೊಂಡು ಹೊರಟ. ಕಲ್ಯಾಣಮಂಟಪದ ಎದುರು ಬಿಸಿಲಿಗೆ ಕಾರು ನಿಲ್ಲಿಸಿ ಇಳಿದು ನೋಡಿದರೆ ಬಾನೆಟ್ಟಿನ ತುಂಬ ಸುತ್ತು ಸುತ್ತು ಗೀರು, ಜೇಡ ಬಲೆ ಕಟ್ಟಿದಂತೆ. ಆ ಮದುವೆಯಲ್ಲಿ ಹೆಣ್ಣಿನ ಅಮ್ಮ ಅತ್ತಳು. ಗಂಡಿನ ಕಡೆಯಿಂದ ಅತ್ತವನು ಅಣ್ಣಯ್ಯ ಒಬ್ಬನೇ.

ಅಂದು ಸಂಜೆ ಅವನ ಫೋನ್ ಬಂತು. "ಕೂಸೆ, ಇದು ಕೈಲಿ ಉಜ್ಜಿ ಹೋಪ ಗೀರಲ್ಲ. ಪಾಲಿಶ್ ಮಷಿನ್ನೇ ಬೇಕು. ಯಾವುದು ತಗಳವು ಹೇಳಿ ನೋಡ್ತಾ ಇದ್ದೆ."

ನೋಡ್ತಾ ಇದ್ದೆ ಎಂದನಲ್ಲ, ಅದು ಎಷ್ಟು ಕಾಲ ನಡೆಯಬಹುದು ಎಂದು ಆಗ ನನಗೆ ತಿಳಿದಿದ್ದರೆ ಅತ್ತೆಯನ್ನು ಕರೆದು ಉಳಿದ ಅರ್ಧ ಕಾರನ್ನೂ ತಿಕ್ಕಿಸಿ ಕಥೆ ಮುಗಿಸುತ್ತಿದ್ದೆ. ಅಂದಿನಿಂದ ದಿನಾ ಸಂಜೆ ನಾನು ಉತ್ತರಪತ್ರಿಕೆ ಹರಡಿಕೊಂಡು ಕೂರುವುದಕ್ಕೂ ಫೋನ್ ಬರುವುದಕ್ಕೂ ಸರಿಹೋಗುತ್ತಿತ್ತು. ಮಾತೆಲ್ಲ ಮಷಿನ್ನಿನದು, ಅದರ ಪ್ಯಾಡಿನದು. ನಮ್ಮ ಮನೆಯವರು ಅಡುಗೆಮನೆಯಿಂದಲೇ "ನಿನ್ನಣ್ಣನ ಪ್ಯಾಡು ಬಂತು ನೋಡು" ಎನ್ನುತ್ತಿದ್ದರು.

ಮೊದಲು ಮಷಿನ್ನಿನ ಪ್ರಶ್ನೆ ಎದ್ದಿತು. ಇದರಲ್ಲಿ ಎರಡು ಜಾತಿ. ಒಂದು ರೋಟರಿ, ನಿಂತಲ್ಲೇ ಗರಗರ ತಿರುಗುವುದು. ಗೀರು ಬೇಗ ತೆಗೆಯುತ್ತದೆ, ಆದರೆ ಒಂದು ಕ್ಷಣ ಮೈಮರೆತರೆ ಗೀರಿನ ಜೊತೆ ಬಣ್ಣವನ್ನೂ ಸುಟ್ಟುಹಾಕುತ್ತದೆ. ಇನ್ನೊಂದು ಡ್ಯುಯಲ್ ಆ್ಯಕ್ಷನ್, ತಾನೂ ತಿರುಗುತ್ತ ಸುತ್ತಲೂ ತಿರುಗುವುದು. ಇದನ್ನು ಅವನು ನನ್ನ ಆಯಿಗೆ, ಎಂದರೆ ಅಮ್ಮನಿಗೆ, ವಿವರಿಸಿದ್ದು ಹೀಗೆ: "ಚಿಕ್ಕಮ್ಮ, ಒರಳಲ್ಲಿ ಗುಂಡು ತಿರುಗ್ತಲ, ತನ್ನಷ್ಟಕ್ಕೂ ತಿರುಗ್ತು, ಕುಳಿ ಸುತ್ತನೂ ತಿರುಗ್ತು. ಹಾಂಗೇಯ." ಆಯಿಗೆ ತಕ್ಷಣ ಅರ್ಥವಾಯಿತು. "ಹಾಂಗಾರೆ ಮಷಿನ್ನೆಂತಕ್ಕೆ ತಮಾ, ಮಿಕ್ಸಿ ಬಂದ ಮೇಲೆ ನಮ್ಮ ಒರಳು ಖಾಲಿ ಬಿದ್ದಿದ್ದು, ಅದ್ನೇ ತಗಂಡು ಹೋಗು" ಎಂದಳು. ಅವನು ಬೇಸರಪಡಲಿಲ್ಲ. ಮರುದಿನ ಅವಳಿಗೇ ಫೋನ್ ಮಾಡಿ, ಗುಂಡಿನ ಓಲಾಟ ಹೆಚ್ಚಿದ್ದರೆ ಒಳ್ಳೆಯದೋ ಕಡಿಮೆಯಿದ್ದರೆ ಒಳ್ಳೆಯದೋ ಎಂದು ಕೇಳಿದ!

ಆಮೇಲೆ ಪ್ಯಾಡುಗಳು. ಮಷಿನ್ನಿನ ಮೂತಿಗೆ ಅಂಟಿಸುವ ಈ ದುಂಡು ಬಿಲ್ಲೆಗಳಲ್ಲಿ ಎಷ್ಟು ಬಗೆ! ಉಣ್ಣೆಯದು, ಸ್ಪಂಜಿನದು, ಟವೆಲಿನಂಥ ಬಟ್ಟೆಯದು. ಸ್ಪಂಜಿನಲ್ಲಿ ಮತ್ತೆ ಗೀರು ಕೀಳುವ ಗಡಸು, ಮಟ್ಟ ಮಾಡುವ ಮಧ್ಯಮ, ಕೊನೆಗೆ ಹೊಳಪು ಕೊಡುವ ಮೆತ್ತನೆಯದು. ಯಾವುದು ಯಾವುದೆಂದು ತಿಳಿಯಲು ಬಣ್ಣ ಕೊಟ್ಟಿದ್ದಾರೆ. ಒಳ್ಳೆಯದೇ ಆಯಿತಲ್ಲ ಎಂದರೆ ಇಲ್ಲ, ಒಂದು ಕಂಪನಿಯ ಹಳದಿ ಗಡಸಾದರೆ ಇನ್ನೊಂದು ಕಂಪನಿಯ ಹಳದಿ ಮೆತ್ತಗೆ. ಒಬ್ಬರ ಕೇಸರಿ ಕೀಳುತ್ತದೆ, ಇನ್ನೊಬ್ಬರ ಕೇಸರಿ ಸವರುತ್ತದೆ. ಹಳದಿಯೋ ಕೇಸರಿಯೋ ಎಂದು ಅವನು ನನ್ನನ್ನು ಕೇಳಿದ, ನಮ್ಮ ಮನೆಯವರನ್ನು ಕೇಳಿದ, ಕಣ್ಣು ತೋರಿಸಲು ಬಂದ ಗಿರಾಕಿಗಳನ್ನು ಕೇಳಿದ. ಶ್ರಾದ್ಧ ಮಾಡಿಸಲು ಬಂದ ಪುರೋಹಿತರನ್ನೂ ಬಿಡಲಿಲ್ಲ. ಅವರು ಕೇಸರಿ ಶುಭ ಎಂದರಂತೆ.

ಒಂದು ದಿನ ನಮ್ಮ ಆಯಿಯ ಮನೆಯಲ್ಲಿ ತಿಂಡಿಗೆ ಕೂತಿದ್ದ. ತಟ್ಟೆಗೆ ಇಡ್ಲಿ ಬಿತ್ತು. ಚಟ್ನಿ ಹಾಕಿಸಿಕೊಳ್ಳುವ ಬದಲು ಹೆಬ್ಬೆರಳಿನಿಂದ ಇಡ್ಲಿಯನ್ನು ಒತ್ತಿ, ಬಿಟ್ಟು, ಅದು ಮತ್ತೆ ಮೇಲೇಳುವುದನ್ನು ಕಣ್ಣು ಕಿರಿದು ಮಾಡಿ ನೋಡಿದ. "ಚಿಕ್ಕಮ್ಮ, ಇದು ಸಾದಾ ಫಿನಿಶಿಂಗ್ ಪ್ಯಾಡು. ನಿನ್ನೆ ಇಡ್ಲಿ ಉಳಿದಿದ್ದಾ?" ಆಯಿ ಏನೋ ಆಸೆಪಟ್ಟು ಕೇಳುತ್ತಿದ್ದಾನೆಂದು ಹಿಂದಿನ ದಿನದ್ದೊಂದು ತಂದಿಟ್ಟಳು. ಅದನ್ನೂ ಒತ್ತಿ, "ಇದು ಕಟಿಂಗ್ ಪ್ಯಾಡು" ಎಂದ. ಅಂದಿನಿಂದ ನಮ್ಮ ಆಯಿ ಅವನಿಗೆ ದೋಸೆ ಮಾತ್ರ ಹಾಕುತ್ತಾಳೆ.

ನನ್ನ ಗಣಿತವೂ ಅವನ ಕೈಯಿಂದ ತಪ್ಪಿಸಿಕೊಳ್ಳಲಿಲ್ಲ. ಐದಿಂಚಿನ ಪ್ಯಾಡಿಗೂ ಆರಿಂಚಿನ ಪ್ಯಾಡಿಗೂ ಎಷ್ಟು ವ್ಯತ್ಯಾಸ ಎಂದು ಒಂದು ಸಂಜೆ ಕೇಳಿದ. ನಾನು ವೃತ್ತದ ವಿಸ್ತೀರ್ಣ ಲೆಕ್ಕ ಹಾಕಿ, ಒಂದಿಂಚೇ ಹೆಚ್ಚಾದರೂ ಜಾಗ ಹತ್ತಿರ ಹತ್ತಿರ ಒಂದೂವರೆ ಪಟ್ಟು ಆಗುತ್ತದೆ ಎಂದೆ.

"ಹಾಂಗಾರೆ ಆರಿಂಚಿಂದು ತಗಂಡ್ರೆ ಕೆಲಸ ಬೇಗ ಮುಗಿತು."

"ಹೌದು ಅಣ್ಣಯ್ಯ. ಅದ್ನೇ ತಗ. ಬೇಗ ಮುಗಿತು."

"ಬೇಗ ಮುಗಿಸಿ ಎಂತ ಮಾಡದು?" ಎಂದ.

ನಾನು ನಕ್ಕೆ. ಅಡುಗೆಮನೆಗೆ ಕೇಳುವ ಹಾಗೆ ಇನ್ನೊಮ್ಮೆ ಹೇಳಿ, ಇಬ್ಬರೂ ಸೇರಿ ನಕ್ಕೆವು. ಅವನೂ ಆ ಕಡೆಯಿಂದ ನಕ್ಕ.

ಒಮ್ಮೆ ಅವನ ಜೊತೆ ಶಿರಸಿಯ ಒಂದು ಹಾರ್ಡ್‌ವೇರ್ ಅಂಗಡಿಗೆ ಹೋಗುವ ಪ್ರಸಂಗ ಬಂತು. ಅಂಗಡಿಯವರು ಹಾವೇರಿ ಕಡೆಯವರು. ಅಣ್ಣಯ್ಯ ಮೆಟ್ಟಿಲು ಹತ್ತುವುದರೊಳಗೆ, "ಬರ್ರಿ ಸರ, ಕೂಡ್ರಿ" ಎಂದು ಕಪಾಟಿನಿಂದ ಮಷಿನ್ನು ಇಳಿಸಿ ಗಲ್ಲೆಯ ಮೇಲೆ ಇಟ್ಟರು, ಕೇಳುವ ಮೊದಲೇ. ಅಣ್ಣಯ್ಯ ಅದನ್ನು ಎರಡೂ ಕೈಯಲ್ಲಿ ಎತ್ತಿ ಭಾರ ನೋಡಿದ. ಹಿಡಿಕೆ ಎಡಕ್ಕೆ ಹಾಕಿಸಿದ, ಬಲಕ್ಕೆ ಹಾಕಿಸಿದ. ಪ್ಯಾಡು ಅಂಟಿಸುವ ತಟ್ಟೆ ತಿರುಗಿಸಿದ. ಸಪ್ಪಳ ಕೇಳಬೇಕೆಂದ, ಚಾಲೂ ಮಾಡಿದರು. ಕಣ್ಣು ಮುಚ್ಚಿ ಕೇಳಿದ. ಕೊನೆಗೆ, "ಆರಿಂಚಿನ ತಟ್ಟೆ ಬಂದ್ಮೇಲೆ ಬತ್ತೆ" ಎಂದು ಒರೆಸುವ ಬಟ್ಟೆಯೊಂದನ್ನು ಕೊಂಡ.

ಅಷ್ಟರಲ್ಲಿ ಚಹಾ ಬಂತು. ಸುಮ್ಮನೆ ಇಷ್ಟು ಹೊತ್ತು ಹಾಳು ಮಾಡಿದ್ದಕ್ಕೆ ನನಗೇ ನಾಚಿಕೆಯಾಗಿ, "ನಿಮಗೆ ತೊಂದರೆ ಕೊಟ್ಟೆವು" ಎಂದೆ.

"ತೊಂದರಿ ಏನ್ ಬಂತ್ರಿ ಅಕ್ಕಾರ" ಎಂದರು ಅವರು. "ಸಾಹೇಬ್ರು ತಿಂಗಳಿಗೆ ಒಮ್ಮೆರ ಬರ್ತಾರ. ಒಯ್ಯೂದಿಲ್ಲಂತ ನಮಗೂ ಗೊತ್ತೈತಿ. ಆದ್ರ ಮಷಿನ್ನಿನ ಧೂಳರ ಹೋಗತೈತಿ."

ಇಷ್ಟಾದ ಮೇಲೆ ನಮ್ಮ ಮನೆಯವರು ಒಂದು ಭಾನುವಾರ ಗಂಭೀರವಾಗಿ ನನ್ನನ್ನು ಕೂರಿಸಿಕೊಂಡರು. "ನೋಡು, ಭಾವಂಗೆ ಆರ್ಸಲೆ ಆಗ್ತಿಲ್ಲೆ. ಅವ ಆರ್ಸದೂ ಇಲ್ಲೆ, ನಮಗೆ ಸಂಜೆ ಹೊತ್ತು ಪುರಸೊತ್ತು ಸಿಗದೂ ಇಲ್ಲೆ. ನಾವೇ ತರಿಸಿ ಕೊಡನ. ಒಂದು ಪುಣ್ಯದ ಕೆಲಸ."

ನನಗೂ ಅದೇ ಸರಿಯೆನಿಸಿತು. ಅವನಿಗೆ ಇಷ್ಟು ವರ್ಷದಲ್ಲಿ ನಾವು ಕೊಟ್ಟದ್ದು ಏನು? ಎಲ್ಲರ ಮದುವೆಗೂ ಅವನ ಕಾರು ಬೇಕು, ಅವನ ಕಾರಿನ ಗೀರು ಯಾರಿಗೂ ಬೇಡ. ಮೊಬೈಲು ತೆಗೆದೆವು. ತಾನೂ ತಿರುಗಿ ಸುತ್ತಲೂ ತಿರುಗುವ ಮಷಿನ್ನು ಒಂದು, ಹಳದಿ, ಕೇಸರಿ, ಕಪ್ಪು, ಬಿಳಿ ಪ್ಯಾಡುಗಳು, ಉಣ್ಣೆಯದು ಬೇರೆ, ಐದಿಂಚಿನ ತಟ್ಟೆ, ಆರಿಂಚಿನ ತಟ್ಟೆ, ಮೂಲೆಗಳಿಗೆಂದು ಮೂರಿಂಚಿನದು, ಕಾಂಪೌಂಡ್ ಎಂಬ ಪಾಲಿಶ್ ಮುಲಾಮಿನ ಬಾಟಲಿಗಳು. ಎರಡರಲ್ಲಿ ಯಾವುದು ಎಂಬ ತಕರಾರೇ ಬೇಡವೆಂದು ಎರಡನ್ನೂ ಒತ್ತಿದೆವು. ಅವನ ಅಂಗಡಿಯ ವಿಳಾಸ ಕೊಟ್ಟೆವು. ಅಣ್ಣಯ್ಯ ವರ್ಷಗಟ್ಟಲೆ ಆರಿಸಿದ್ದನ್ನು ನಾವು ಚಹಾ ಆರುವುದರೊಳಗೆ ಆರಿಸಿ ಮುಗಿಸಿದ್ದೆವು!

ಪೆಟ್ಟಿಗೆ ತಲುಪಿದ ದಿನ ಫೋನ್ ಬಂತು. "ಮಷಿನ್ನು ಬಂತು ಕೂಸೆ. ರಾಶಿ ಚೊಲೋ ಇದ್ದು."

"ಪ್ಯಾಡು ಸರಿ ಇದ್ದ?"

"ಎಲ್ಲಾ ಬಂಜು. ಹಳದಿದೂ ಇದ್ದು, ಕೇಸರಿದೂ ಇದ್ದು. ಎಂತೂ ಬಿಟ್ಟಿದ್ದಿಲ್ಲೆ ನಿಂಗ." ಆಮೇಲೆ, "ಆತು ಹಾಂಗಾರೆ, ಇಡ್ತೆ" ಎಂದ.

ಅವನಾಗಿ ಫೋನ್ ಇಟ್ಟದ್ದು ನನಗೆ ತಿಳಿದ ಮಟ್ಟಿಗೆ ಅದೇ ಮೊದಲು. ಸಂತೋಷ ಹೆಚ್ಚಾಗಿ ಮಾತು ಹೊರಡಲಿಲ್ಲ ಎಂದುಕೊಂಡೆ.

ಮರುದಿನ ಫೋನಿಲ್ಲ. ಅದರ ಮರುದಿನವೂ ಇಲ್ಲ. ನಮಗೆ ಹಬ್ಬವೋ ಹಬ್ಬ! ಉತ್ತರಪತ್ರಿಕೆಗಳು ಸರಸರ ಮುಗಿದವು. ಊಟ ಬಿಸಿ ಇರುವಾಗಲೇ ಆಗುತ್ತಿತ್ತು. ಅವನು ಕಾರಿನ ಕೆಳಗೆ ಮೇಲೆ ಬಗ್ಗಿ ತಿಕ್ಕುತ್ತಿರುವ ಚಿತ್ರ ನೆನೆದು ನಗುತ್ತಿದ್ದೆವು. ಈಗ ಫೋನ್ ಮಾಡಿದರೆ ಅವನ ಕೆಲಸ ಕೆಡುತ್ತದೆಂದು ನಾನೂ ಮಾಡಲಿಲ್ಲ. ನಿಜ ಹೇಳಬೇಕೆಂದರೆ ಅವನಿಗೆ ನಾನಾಗಿ ಫೋನ್ ಮಾಡುವ ರೂಢಿಯೇ ನನಗೆ ಇರಲಿಲ್ಲ. ಹೇಗೂ ಅವನದು ಬರುತ್ತಿತ್ತಲ್ಲ.

ಹೀಗೇ ದಿನ ಕಳೆದ ಮೇಲೆ ಒಂದು ಸಂಜೆ ನಮ್ಮ ಮನೆಯವರೇ ಅಡುಗೆಮನೆಯಿಂದ, "ಪ್ಯಾಡು ಬಂಜಿಲ್ಲೆ ಅಲ್ದ?" ಎಂದರು. ದನಿಯಲ್ಲಿ ಹಬ್ಬ ಇರಲಿಲ್ಲ. ಆಯಿಗೆ ಕೇಳಿದರೆ ಅವಳಿಗೂ ಫೋನ್ ಇಲ್ಲ. ಶಿರಸಿಗೆ ಹೋದಾಗ ಏನೋ ಮೊಳೆ ಕೊಳ್ಳಲು ಅದೇ ಹಾರ್ಡ್‌ವೇರ್ ಅಂಗಡಿಗೆ ಹೊಕ್ಕೆ. "ಸಾಹೇಬ್ರು ಈ ಕಡೆ ಬರೂದ ಬಿಟ್ಟಾರಲ್ರಿ. ಆರಾಮ ಅದಾರಿಲ್ಲೋ?" ಎಂದು ಅವರು ವಿಚಾರಿಸಿದರು. ಆರಾಮ ಇದ್ದಾರೆ ಎಂದೆ. ಹೇಳುವಾಗ ನನಗೇ ಖಾತ್ರಿ ಇರಲಿಲ್ಲ.

ಅಷ್ಟರಲ್ಲಿ ನಮ್ಮಲ್ಲಿ ಇನ್ನೊಂದು ಮದುವೆ ಬಂತು. ಶಿರಸಿಯ ಕಲ್ಯಾಣಮಂಟಪ, ಮಾಮೂಲಿನಂತೆ ಮದುಮಗನ ಕಾರು ಅಣ್ಣಯ್ಯನದೇ. ದಿಬ್ಬಣ ಬರುವಾಗ ನಾನು ಎಲ್ಲರಿಗಿಂತ ಮುಂದೆ ಹೋಗಿ ನಿಂತೆ, ಮದುಮಗನನ್ನಲ್ಲ, ಬಾನೆಟ್ಟು ನೋಡಲು. ಕಾರು ಬಿಸಿಲಿಗೆ ಬಂದು ನಿಂತಿತು. ಸುತ್ತು ಸುತ್ತು ಗೀರುಗಳು, ಅತ್ತೆ ತಿಕ್ಕಿದ ದಿನ ಹೇಗಿದ್ದವೋ ಹಾಗೆಯೇ ಇದ್ದವು. ಒಂದು ಗೆರೆಯೂ ಹೋಗಿರಲಿಲ್ಲ.

"ಮಷಿನ್ನು ಹಿಡದ್ದಿಲ್ಯ ಅಣ್ಣಯ್ಯ?" ಎಂದು ಕೇಳಿದೆ.

"ಪುರಸೊತ್ತೇ ಆಜಿಲ್ಲೆ" ಎಂದು ನಕ್ಕ. ಯಾರೋ ಕರೆದರು, ಬಸ್‌ಸ್ಟ್ಯಾಂಡಿನಲ್ಲಿ ನೆಂಟರು ಕಾಯುತ್ತಿದ್ದಾರೆ ಎಂದರು. ಹೂವಿನ ಮಾಲೆ ಬಿಚ್ಚದೆಯೇ ಕಾರು ತಿರುಗಿಸಿಕೊಂಡು ಹೋದ. ದಿನವಿಡೀ ಒಬ್ಬನೇ ಇರುವವನಿಗೆ ಪುರಸೊತ್ತು ಇಲ್ಲವೆಂದರೆ ಗಣಿತದವಳು ಹೇಗೆ ನಂಬಲಿ?

ಮುಂದಿನ ಭಾನುವಾರ ಬಸ್ಸು ಹತ್ತಿದೆ. ಶಿರಸಿಯಲ್ಲಿ ಬಸ್ಸು ಬದಲಿಸಿ ಸಿದ್ದಾಪುರದಲ್ಲಿ ಇಳಿಯುವಾಗ ಮಧ್ಯಾಹ್ನವಾಗಿತ್ತು. ಪೇಟೆಯ ಅಂಗಡಿಗಳೆಲ್ಲ ಮುಚ್ಚಿದ್ದರೂ ಅವನ ಅಂಗಡಿ ತೆರೆದಿತ್ತು. ಗಿರಾಕಿ ಯಾರೂ ಇರಲಿಲ್ಲ. ಸ್ಟೂಲಿನ ಮೇಲೆ ಕೂತು ಯಾವುದೋ ಕನ್ನಡಕದ ಗಾಜನ್ನು ಒರೆಸುತ್ತಿದ್ದ. ನನ್ನನ್ನು ನೋಡಿದವನೇ ಎದ್ದು ನಿಂತು, "ಆರಾಮಿದ್ಯ? ಚಿಕ್ಕಮ್ಮ ಆರಾಮಿದ್ದ? ಎಂತಾತು?" ಎಂದು ಗಾಬರಿಯಾದ. ಎಂತದೂ ಆಗಲಿಲ್ಲ, ನಿನ್ನನ್ನೇ ನೋಡಲು ಬಂದೆ ಎಂದರೆ ಅವನಿಗೆ ನಂಬಿಕೆಯೇ ಬರಲಿಲ್ಲ. ಒಳಗೆ ಹೋಗಿ ಬೆಲ್ಲ, ನೀರು ತಂದಿಟ್ಟ.

ಪೆಟ್ಟಿಗೆ ಒಳಕೋಣೆಯ ಮೇಜಿನ ಮೇಲಿತ್ತು. ಒಮ್ಮೆ ಬಿಚ್ಚಿ ನೋಡಿ, ಬಂದ ಹಾಗೆಯೇ ಮಡಚಿ ಇಟ್ಟಿದ್ದ. ಪ್ಯಾಡುಗಳು ಪ್ಲಾಸ್ಟಿಕ್ಕಿನೊಳಗೇ ಇದ್ದವು.

"ಎಂತಕ್ಕೆ ಮುಟ್ಟಿದ್ದಿಲ್ಲೆ? ನಾವು ತಂದಿದ್ದು ಸರಿ ಇಲ್ಯ?"

"ಸರಿ ಇದ್ದು. ಆನು ಹುಡುಕಿರೂ ಅದ್ನೇ ತಗತ್ತಿದ್ದಿ."

"ಮತ್ತೆ? ಫೋನೂ ಇಲ್ಲೆ ನಿಂದು."

ಅವನು ಕೈಯಲ್ಲಿದ್ದ ಗಾಜನ್ನು ಬೆಳಕಿಗೆ ಹಿಡಿದು ನೋಡಿದ. ಮತ್ತೆ ಒರೆಸತೊಡಗಿದ.

"ಎಂತ ಹೇಳಿ ಫೋನು ಮಾಡದು ಕೂಸೆ? ನಮ್ಮ ಬದಿಗೆ ಯಾರಿಗೆ ಫೋನು ಮಾಡಿರೂ ಮೊದಲು ಕೇಳದು, ಎಂತ ವಿಶೇಷ ಹೇಳಿ. ಒಬ್ರಿಗೆ ಮಗನ ಪರೀಕ್ಷೆ, ಒಬ್ರಿಗೆ ಮಗಳ ಬಾಣಂತನ, ಒಬ್ರ ಮನೆಲಿ ಉಪನಯನ. ಯಂಗೆ ಎಂತ ವಿಶೇಷ ಇರ್ತು? ಒಬ್ಬನ ಅನ್ನ, ಒಬ್ಬನ ಸಾರು, ದಿನಾ ಅದೇಯ. ಪ್ಯಾಡಿಂದು ಕೇಳದು ಹೇಳಿ ಒಂದು ಇದ್ದಿತ್ತು. ನಿಂಗ ಎಲ್ಲಾ ತಂದು ಕೊಟ್ಬುಟ್ರಿ. ಕೇಳಲೆ ಎಂತೂ ಉಳದ್ದಿಲ್ಲೆ."

ದೂರುವ ದನಿಯಲ್ಲ ಅದು. ಇಂದು ಅಂಗಡಿಗೆ ಗಿರಾಕಿ ಬರಲಿಲ್ಲ ಎನ್ನುವ ಹಾಗೆ ಹೇಳಿದ. ಎಷ್ಟು ನಿಜ! ನಮ್ಮಲ್ಲಿ ಯಾರದೇ ಫೋನ್ ಬಂದರೂ ಎತ್ತಿದೊಡನೆ ನಾಲಿಗೆಗೆ ಬರುವುದು ಎಂತ ವಿಶೇಷ ಎಂಬುದೇ. ಅದಕ್ಕೊಂದು ಉತ್ತರ ಇಲ್ಲದವನು ಫೋನ್ ಮಾಡಬಾರದು ಎಂದು ನಾವು ಯಾರೂ ಹೇಳಿಲ್ಲ. ಆದರೆ ಅವನು ಹಾಗೆ ತಿಳಿದುಕೊಂಡ, ತಿಳಿದುಕೊಂಡು ನಮ್ಮ ಪ್ರಶ್ನೆಗೆ ದಿನಾ ಒಂದು ಉತ್ತರ ಹೊಂದಿಸಿಕೊಂಡು ಬಂದ. ಅವನಿಗೆ ಬೇಕಾದದ್ದು ಹಳದಿಯೂ ಅಲ್ಲ, ಕೇಸರಿಯೂ ಅಲ್ಲ. ಅದು ನನಗೆ ಹೊಳೆಯಲು ಅಷ್ಟು ದೊಡ್ಡ ಪೆಟ್ಟಿಗೆ ಬೇಕಾಯಿತು.

ಅಳು ಬಂದದ್ದು ತೋರಿಸಿಕೊಳ್ಳಬಾರದೆಂದು ನಾನೇ ಪೆಟ್ಟಿಗೆ ಎತ್ತಿಕೊಂಡು ಹಿತ್ತಲಿಗೆ, ಕಾರಿನ ಹತ್ತಿರ ನಡೆದೆ. ಅವನು ಹಿಂದೆಯೇ ಬಂದ. ಯಾವ ಪ್ಯಾಡು ಮೊದಲು ಎಂದು ಕೇಳಿದೆ. ಅವನು ಉತ್ತರ ಕೊಡಲು ಎಷ್ಟು ಹೊತ್ತು ತೆಗೆದುಕೊಂಡ ಎನ್ನುತ್ತೀರಿ! ಕೊನೆಗೆ, "ಮೆತ್ತಗಿನದ್ರಿಂದ ಸುರು ಮಾಡವು. ಅದ್ರಲ್ಲಿ ಆಗದಿದ್ರೆ ಮಾತ್ರ ಗಟ್ಟಿದು" ಎಂದು ಬಾನೆಟ್ಟಿನ ಮೂಲೆಯಲ್ಲಿ ಅಂಗೈಯಗಲ ಜಾಗ ಬಿಟ್ಟು ಸುತ್ತ ಟೇಪು ಅಂಟಿಸಿದ. ಪ್ಯಾಡಿಗೆ ನಾಲ್ಕು ಹನಿ ಕಾಂಪೌಂಡ್ ಹಾಕಿದ. ಮಷಿನ್ನು ಗುಂಯ್ ಎಂದಿತು. ಅಡ್ಡ ಒಂದು ಸುತ್ತು, ಉದ್ದ ಒಂದು ಸುತ್ತು, ಅವಸರವಿಲ್ಲದೆ ಒಯ್ದ. ನಿಲ್ಲಿಸಿ, ಬಟ್ಟೆಯಲ್ಲಿ ಒರೆಸಿದಾಗ ಅಷ್ಟು ಜಾಗದಲ್ಲಿ ಕುಂಕುಮದ ಬಣ್ಣ ಹೊಸದಾಗಿ ಎದ್ದು ನಿಂತಿತ್ತು. ಗೀರಿಲ್ಲ, ಏನಿಲ್ಲ. ನಮ್ಮಿಬ್ಬರ ಮುಖ ಮಾತ್ರ ಕಾಣುತ್ತಿತ್ತು.

ನಾನು ಇನ್ನೊಂದು ಬದಿಗೂ ಟೇಪು ಅಂಟಿಸಲು ಹೋದರೆ ತಡೆದ. "ಸಾಕು ಇವತ್ತಿಗೆ. ಉಳಿದಿದ್ದು ನೀ ಮತ್ತೆ ಬಂದಾಗ" ಎಂದು ಮಷಿನ್ನಿನ ವಯರು ಸುತ್ತತೊಡಗಿದ. ಬಸ್ಸಿಗೆ ಬಿಡಲು ಬಂದವನು ಬಸ್ಸು ಹೊರಟ ಮೇಲೂ ನಿಂತೇ ಇದ್ದ.

ಮರುದಿನ ಸಂಜೆ ಉತ್ತರಪತ್ರಿಕೆಗಳನ್ನು ಒತ್ತಟ್ಟಿಗೆ ಸರಿಸಿ ಅವನಿಗೆ ನಾನೇ ಫೋನ್ ಮಾಡಿದೆ. ಒಂದೇ ರಿಂಗಿಗೆ ಎತ್ತಿದ.

"ಎಂತ ವಿಶೇಷ ಕೂಸೆ?"

"ಎಂತೂ ಇಲ್ಲೆ ಅಣ್ಣಯ್ಯ. ಸುಮ್ನೆ ಮಾಡಿದಿ."

"ಸುಮ್ನೆಯ?"

"ಹೌದು. ಸುಮ್ನೆ."

ಆ ಕಡೆ ಸ್ಟೂಲು ಸರಿದ ಸದ್ದಾಯಿತು. ಹಿಂದೆಯೇ ಅವನ ದನಿ ಕೇಳಿಸಿತು.

"ಇರು ಹಾಂಗಾರೆ. ಅಂಗಡಿ ಬಾಗ್ಲು ಹಾಕ್ಕಂಡು ಬತ್ತೆ, ಕೂತ್ಗಂಡು ಮಾತಾಡನ."